ಸುನ್ನತಿ ಮತ್ತು ಸೋಂಕು: ಒಂದು ಊಹೆಯ ಚರಿತ್ರೆ

ಓಮ್‌ನ ನಿಯಮವನ್ನು ಪರೀಕ್ಷಿಸುವಾಗ ನೀವು ತಂತಿಯ ತಾಪ ಬದಲಾಗದಂತೆ ನೋಡಿಕೊಳ್ಳುತ್ತೀರಿ. ಒಂದನ್ನು ಮಾತ್ರ ಬದಲಿಸಿ ಉಳಿದುದೆಲ್ಲವನ್ನೂ ಸ್ಥಿರವಾಗಿಡುವುದು ಪ್ರಯೋಗದ ಮೊದಲ ಪಾಠ. ಆದರೆ ಮನುಷ್ಯರ ಬದುಕನ್ನು ಹೀಗೆ ಸ್ಥಿರವಾಗಿಡಲು ಸಾಧ್ಯವೇ? ಪುರುಷರ ಸುನ್ನತಿಗೂ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಿಗೂ ಇರುವ ಸಂಬಂಧವನ್ನು ಅರಸಿದ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

1855ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್‌ಸನ್ ತನ್ನ ಆಸ್ಪತ್ರೆಯ ಗುಹ್ಯರೋಗಿಗಳ ಲೆಕ್ಕವನ್ನು ಪ್ರಕಟಿಸಿದ. ಯೆಹೂದಿಗಳಲ್ಲದ 272 ಮಂದಿಯಲ್ಲಿ 165 ಮಂದಿಗೆ ಸಿಫಿಲಿಸ್ ಇತ್ತು. 58 ಯೆಹೂದಿಗಳಲ್ಲಿ 11 ಮಂದಿಗೆ ಮಾತ್ರ. ಉಳಿದವರಿಗೆ ಇದ್ದದ್ದು ಗೊನೊರಿಯಾ. ಸುನ್ನತಿಯೇ ಸಿಫಿಲಿಸ್‌ನಿಂದ ರಕ್ಷಿಸುತ್ತದೆ ಎಂದು ಆತ ತೀರ್ಮಾನಿಸಿದ. ನೀವೇ ಯೋಚಿಸಿ: ಈ ಎರಡು ಗುಂಪುಗಳ ನಡುವೆ ಇದ್ದ ವ್ಯತ್ಯಾಸ ಸುನ್ನತಿಯೊಂದೇ ಏನು? ವಿವಾಹದ ರೀತಿ, ನೆರೆಹೊರೆ, ಸಂಗಾತಿಗಳು ಇವೂ ಬೇರೆಯಾಗಿದ್ದಿರಬಹುದಲ್ಲವೇ?

1980ರ ದಶಕದಲ್ಲಿ ಎಚ್‌ಐವಿ ಹರಡತೊಡಗಿದಾಗ ಪ್ರಶ್ನೆ ಮತ್ತೆ ಎದ್ದಿತು. ಸುನ್ನತಿಯಾಗದ ಪುರುಷರಿಗೆ ಸೋಂಕು ಹೆಚ್ಚು ಎಂದು ನೈರೋಬಿಯ ಅಧ್ಯಯನವೊಂದು 1989ರಲ್ಲಿ ತಿಳಿಸಿತು. ಆದರೂ ಹಳೆಯ ಸಂದೇಹ ಉಳಿದೇ ಇತ್ತು.

ಒಂದು ಮುಖ್ಯ ಸುಳಿವು ದೊರೆತದ್ದು ಪುಣೆಯಲ್ಲಿ. ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ಬಂದ, ಎಚ್‌ಐವಿ ಸೋಂಕಿಲ್ಲದ 2,298 ಪುರುಷರನ್ನು ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸುನ್ನತಿಯಾದವರಲ್ಲಿ ಎಚ್‌ಐವಿ ಬಹಳ ಕಡಿಮೆಯಿತ್ತು. ಸಿಫಿಲಿಸ್, ಗೊನೊರಿಯಾಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಡವಳಿಕೆಯೇ ಕಾರಣವಾಗಿದ್ದರೆ ಎಲ್ಲ ರೋಗಗಳೂ ಕಡಿಮೆಯಾಗಬೇಕಿತ್ತು. ಹಾಗಾಗದ್ದರಿಂದ ದೇಹದಲ್ಲೇ ಇರುವ ಕಾರಣದತ್ತ ಗಮನ ಹೋಯಿತು. ಮುಂದೊಗಲಿನ ಒಳಪದರದಲ್ಲಿ ಎಚ್‌ಐವಿ ಅಂಟಿಕೊಳ್ಳಬಲ್ಲ ರೋಗರಕ್ಷಕ ಕೋಶಗಳು ಹೇರಳವಾಗಿವೆ.

ಕೊನೆಗೆ ನಿಜವಾದ ಪ್ರಯೋಗವೇ ನಡೆಯಿತು. ಒಪ್ಪಿದ ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರೆ, ನಾವು ಅಳೆಯಲಾರದ ವ್ಯತ್ಯಾಸಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಸ್ಥಿರವಾಗಿಡಲು ಆಗದ್ದನ್ನು ಸರಿದೂಗಿಸುವ ಉಪಾಯ ಇದು. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮ್‌ನಲ್ಲಿ 3,274 ಯುವಕರು ಭಾಗವಹಿಸಿದರು. ಸುನ್ನತಿಯ ಗುಂಪಿನಲ್ಲಿ 20 ಮಂದಿಗೆ, ಇನ್ನೊಂದರಲ್ಲಿ 49 ಮಂದಿಗೆ ಸೋಂಕು ತಗುಲಿತು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಕೆನ್ಯಾದ ಕಿಸುಮು, ಉಗಾಂಡದ ರಕಾಯ್ ಪ್ರಯೋಗಗಳಲ್ಲೂ ಸೋಂಕು ಸುಮಾರು ಅರ್ಧಕ್ಕಿಳಿಯಿತು. ಮೂರನ್ನೂ ಅವಧಿಗೆ ಮುನ್ನವೇ ನಿಲ್ಲಿಸಿ, ಎರಡನೆಯ ಗುಂಪಿಗೂ ಶಸ್ತ್ರಚಿಕಿತ್ಸೆಯ ಅವಕಾಶ ನೀಡಲಾಯಿತು. ಎಚ್‌ಐವಿ ವ್ಯಾಪಕವಾಗಿರುವ, ಸುನ್ನತಿ ವಿರಳವಾಗಿರುವ ಪ್ರದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಚ್‌ನಲ್ಲಿ ಇದನ್ನು ಶಿಫಾರಸು ಮಾಡಿತು.

ಹಚಿನ್‌ಸನ್‌ನ ಸಿಫಿಲಿಸ್ ಏನಾಯಿತು? 2009ರಲ್ಲಿ ಪ್ರಕಟವಾದ ರಕಾಯ್ ಫಲಿತಾಂಶದ ಪ್ರಕಾರ ಜನನಾಂಗದ ಹರ್ಪಿಸ್ ಸೋಂಕು ಶೇಕಡ 28ರಷ್ಟು, ಎಚ್‌ಪಿವಿ ಸೋಂಕು ಶೇಕಡ 35ರಷ್ಟು ಇಳಿದಿದ್ದವು. ಸಿಫಿಲಿಸ್‌ನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ!

ಅರ್ಧ ರಕ್ಷಣೆ ಪೂರ್ಣ ರಕ್ಷಣೆಯಲ್ಲ. ಕಾಂಡೋಮ್‌ನ ಅಗತ್ಯ ತಪ್ಪುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಿ. ಜೊತೆಗೆ, ಎರಡು ಗುಂಪುಗಳ ಹೋಲಿಕೆ ಎಲ್ಲಿ ಕಂಡರೂ ಈ ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಸಿ: ಯಾರು ಯಾವ ಗುಂಪಿಗೆ ಸೇರಬೇಕೆಂದು ನಿರ್ಧರಿಸಿದ್ದು ಹೇಗೆ?