ಕರ್ನಲ್ ಎಂ.ಬಿ. ರವೀಂದ್ರನಾಥ್: ತೋಲೋಲಿಂಗ್ ಗೆದ್ದ ಪಡೆಯ ನಾಯಕ

ಕಾರ್ಗಿಲ್ ಯುದ್ಧದ ಮೊದಲ ಮಹತ್ವದ ಗೆಲುವು ತೋಲೋಲಿಂಗ್. ದ್ರಾಸ್ ಪಟ್ಟಣವನ್ನೂ ಶ್ರೀನಗರ–ಲೇಹ್ ಹೆದ್ದಾರಿಯನ್ನೂ ಆ ಶಿಖರದಿಂದಲೇ ಶತ್ರುವು ಕಾಡುತ್ತಿದ್ದನು. 18 ಗ್ರೆನೇಡಿಯರ್ಸ್ ಪಡೆಯು ಅಲ್ಲಿ ಅಪಾರ ಸಾವುನೋವುಗಳನ್ನು ಕಂಡಿತ್ತು. 1999ರ ಜೂನ್ 13ರಂದು ಅದನ್ನು ವಶಪಡಿಸಿಕೊಂಡ 2 ರಾಜಪುತಾನಾ ರೈಫಲ್ಸ್ ಪಡೆಯ ನಾಯಕರು ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದ ಕನ್ನಡಿಗ ರವೀಂದ್ರನಾಥ್.

ಅಂದು ಮೇಜರ್ ವಿವೇಕ್ ಗುಪ್ತಾ ಮಡಿದರು. ತಿಂಗಳ ಕೊನೆಯ ಕಾಳಗಗಳಲ್ಲಿ ಪದ್ಮಪಾಣಿ ಆಚಾರ್ಯ, ವಿಜಯಂತ್ ಥಾಪರ್, ಕೆಂಗುರೂಸೆ ಎಂಬ ಅಧಿಕಾರಿಗಳನ್ನೂ ಪಡೆ ಕಳೆದುಕೊಂಡಿತು. ಈ ಒಂದೇ ಪಡೆಗೆ ನಾಲ್ಕು ಮಹಾವೀರ ಚಕ್ರಗಳು ಸಂದವು. ನಾಯಕರಿಗೆ ವೀರ ಚಕ್ರ. ಮಡಿದವರ ಹೆಸರುಗಳು ನಾಡಿಗೆ ಪರಿಚಿತ. ಅವರನ್ನು ಮುನ್ನಡೆಸಿ, ಆ ಅಗಲಿಕೆಯನ್ನು ಹೊತ್ತು ಬದುಕಿದವರನ್ನು ಕನ್ನಡಿಗರಾದ ನಾವೇ ಮರೆಯುತ್ತಿರುವುದು ನಮ್ಮನ್ನು ನೋಯಿಸಿದೆ.

2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದ ಆ ದಂಡನಾಯಕರಿಗೆ ನಮ್ಮ ಗೌರವ ನಮನಗಳು.