ಫಿಯಟ್ಟಿನ ಬಣ್ಣ

ಸೀರೆಗೆ ಬ್ಲೌಸ್ ಪೀಸು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದ ಹೆಂಗಸರಿಗೆ ಬಣ್ಣದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಅನ್ನಿಸಿದ ಎರಡು ಬಟ್ಟೆ ಬಾಗಿಲ ಬಿಸಿಲಿಗೆ ಬಂದೊಡನೆ ಬೇರೆ ಬೇರೆಯಾಗಿಬಿಡುತ್ತವೆ. ಅಂಗಡಿಯವನು ಮುಖ ಸಿಂಡರಿಸಿದರೂ ಸರಿ, ಹೊರಗೆ ತಂದು ನೋಡದೆ ನಾವು ದುಡ್ಡು ಕೊಡುವುದಿಲ್ಲ. ಈ ವಿದ್ಯೆ ಕಾರಿಗೂ ಬೇಕಾಗುತ್ತದೆಂದು ನನಗೆ ಗೊತ್ತಾದದ್ದು, ಹುಣಸೂರಿನ ನಮ್ಮ ತವರಿನ ಹಳೆಯ ಫಿಯಟ್ಟಿಗೆ ಅದರ ಮೊದಲಿನ ಬಣ್ಣವನ್ನೇ ಹೊಡೆಸುತ್ತೇನೆಂದು ಅಣ್ಣ ಹಟ ಹಿಡಿದಾಗ.

ಅದು 1966ರ ಫಿಯಟ್ 1100 ಡಿಲೈಟ್. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸುತ್ತಿದ್ದ ಗಾಡಿ. ಮುಂದೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು ಇದೇ ವಂಶದ ಕಾರು. ಆಗೆಲ್ಲ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಣ್ಣ ಆರಿಸುವ ಮಾತೆಲ್ಲಿ, ಬಂದ ಬಣ್ಣವೇ ಭಾಗ್ಯ. ಮರದ ವ್ಯಾಪಾರದ ಅಪ್ಪ ಅದನ್ನು ಮನೆಗೆ ತಂದ ದಿನ ಅಮ್ಮ ನಿಂಬೆಹಣ್ಣು ಇಟ್ಟು ಆರತಿ ಎತ್ತಿದ್ದರು. ಆಮೇಲೆ ಅದು ಒಮ್ಮೆ ಬಿಳಿಯಾಯಿತು, ಒಮ್ಮೆ ಮೆರೂನ್ ಆಯಿತು. ಅಪ್ಪ ಹೋದ ಮೇಲೆ ಶೆಡ್ಡಿನಲ್ಲಿ ಧೂಳಿನ ಬಣ್ಣವೇ ಅದರ ಬಣ್ಣವಾಯಿತು.

ಮೊದಲು ಯಾವ ಬಣ್ಣವಿತ್ತು? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಪ್ಪ ತಿಳಿ ಹಸಿರು ಎಂದರು. ಆರ್.ಸಿ. ಪುಸ್ತಕದಲ್ಲಿ ‘ಗ್ರೇ’ ಎಂದು ಬರೆದಿತ್ತು. ಫೋಟೋಗಳೆಲ್ಲ ಕಪ್ಪು ಬಿಳುಪು. ಅಮ್ಮ ಮಾತ್ರ, ‘ನೀಲಿ ಕಣೇ, ಮಳೆ ಬರೋ ಮುಂಚೆ ಆಕಾಶ ಇರುತ್ತಲ್ಲ, ಆ ನೀಲಿ’ ಎಂದು ಒಂದೇ ಮಾತು ಹಿಡಿದಿದ್ದರು. ಅಣ್ಣನಿಗೆ ನಂಬಿಕೆ ಇಲ್ಲ. ‘ಅಮ್ಮ ಕಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲಾನೂ ನೀಲಿ ಅಂತಾರೆ’ ಎಂದ. ಅವನು ಹೇಳಿದ್ದರಲ್ಲೂ ನಿಜವಿದೆ. ಪೊರೆ ಬಂದ ಕಣ್ಣು ಲೋಕವನ್ನು ಹಳದಿಯಾಗಿಸುತ್ತದೆ, ತೆಗೆಸಿದ ಮೇಲೆ ನೀಲಿ ಎದ್ದು ಕಾಣುತ್ತದೆ. ಆದರೆ ಅಮ್ಮ ಹೇಳುತ್ತಿದ್ದದ್ದು ಇಪ್ಪತ್ತೈದರ ಕಣ್ಣು ಕಂಡದ್ದನ್ನು. ಎಂಜಿನ್ನು, ಮೈಲೇಜು ನೆನಪಿಡುವ ಗಂಡಸರು ಬಣ್ಣದ ವಿಷಯದಲ್ಲಿ ಸರ್ಕಾರಿ ಪುಸ್ತಕವನ್ನು ನಂಬಿಯಾರು, ಹೆಂಡತಿ ತಾಯಂದಿರನ್ನು ನಂಬಲಾರರು.

ಕಾರಿನ ಬಣ್ಣಕ್ಕೂ ಒಂದು ಚರಿತ್ರೆಯಿದೆ. ಮೊದಮೊದಲು ಕಾರಿಗೆ ಸಾರೋಟಿನ ಹಾಗೆಯೇ ಕೈಯಿಂದ ಎಣ್ಣೆಬಣ್ಣ, ವಾರ್ನಿಷ್ ಬಳಿಯುತ್ತಿದ್ದರು. ಒಂದೊಂದು ಪದರ ಒಣಗಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು, ವಾರಗಟ್ಟಲೆ ಕೆಲಸ. ಫೋರ್ಡ್ ಕಂಪೆನಿ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಬರೀ ಕಪ್ಪು ಬಣ್ಣದಲ್ಲಿ ಮಾರಿತು. ಬೇಗ ಒಣಗುತ್ತಿದ್ದದ್ದು, ಅಗ್ಗವಾಗಿದ್ದದ್ದು ಆ ಕಪ್ಪು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿ ‘ಡ್ಯೂಕೋ’ ಎಂಬ ಲ್ಯಾಕರ್ ತಂದಿತು. ಬಂದೂಕಿನ ಮದ್ದಿನ ಹತ್ತಿಗೆ ಅದು ಹತ್ತಿರದ ನೆಂಟ. ಗಂಟೆಗಳಲ್ಲಿ ಒಣಗುವ ಬಣ್ಣ ಬಂದದ್ದೇ ತಡ, ರಸ್ತೆಯಲ್ಲಿ ನೀಲಿ, ಹಸಿರು ಕಾರುಗಳು ಓಡಾಡತೊಡಗಿದವು. ಆ ಹೆಸರು ಎಷ್ಟು ನಿಂತಿತೆಂದರೆ ನಮ್ಮ ವರ್ಕ್‌ಶಾಪುಗಳಲ್ಲಿ ಇಂದಿಗೂ ‘ಡ್ಯೂಕೋ ಪೇಂಟ್’ ಎನ್ನುತ್ತಾರೆ. ನಮ್ಮ ಸೀಮೆಗೂ ಬಣ್ಣದ ನಂಟು ಹೊಸದಲ್ಲ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಶಾಯಿ ಬರುತ್ತಿರುವುದೂ ಅಲ್ಲಿಂದಲೇ.

ಟಿಂಕರಿಂಗ್ ಮೇಸ್ತ್ರಿ ಸಾಬರು ನಮ್ಮ ಜಗಳವನ್ನೆಲ್ಲ ಕೇಳಿಸಿಕೊಂಡು, ‘ಅಮ್ಮಾವ್ರೆ, ಗಾಡಿನೇ ಹೇಳ್ತದೆ ಬಿಡಿ’ ಎಂದರು. ಮೊದಲು ಬಾಗಿಲಿನ ಒಂದು ಮೂಲೆಯನ್ನು ನೀರು ಹಾಕಿ ವಾಟರ್ ಪೇಪರಿನಿಂದ ಗುಂಡಗೆ ಉಜ್ಜಿದರು. ಮರ ಕೊಯ್ದಾಗ ಕಾಣುವ ಸುತ್ತುಗಳಂತೆ ಮೆರೂನ್, ಬಿಳಿ, ಅದರೊಳಗೆ ಪೇಲವವಾದ ಬೂದಿ ಬಣ್ಣ, ಕೊನೆಗೆ ಕೆಂಪು ಪ್ರೈಮರ್, ತಗಡು. ‘ನೋಡಿದೆಯಾ, ಗ್ರೇ’ ಎಂದ ಅಣ್ಣ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಅದು ಬಿಸಿಲು ತಿಂದ ಬಣ್ಣ. ಇಪ್ಪತ್ತು ವರ್ಷ ಮಳೆ ಬಿಸಿಲಿನಲ್ಲಿ ಓಡಾಡಿದ ಮೇಲೆ ಮೇಲೊಂದು ಬಣ್ಣ ಬಿದ್ದರೆ ಸಿಗುವುದು ಮಾಸಿದ್ದೇ. ಬಿಸಿಲು ಕಾಣದ ಜಾಗ ಹುಡುಕಬೇಕು: ಬಾಗಿಲ ರಬ್ಬರಿನ ಅಡಿ, ಡ್ಯಾಶ್‌ಬೋರ್ಡಿನ ಹಿಂಭಾಗ, ಡಿಕ್ಕಿಯ ಮ್ಯಾಟಿನ ಕೆಳಗೆ, ನಂಬರ್ ಪ್ಲೇಟಿನ ಹಿಂದೆ. ರೇಷ್ಮೆ ಸೀರೆಯ ಒಳಮಡಿಕೆಯಲ್ಲಿ ನಿಜವಾದ ಬಣ್ಣ ಉಳಿದಿರುವಂತೆಯೇ.

ಹಿಂದಿನ ನಂಬರ್ ಪ್ಲೇಟಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು, ಒಂದು ದಿನ ಕಾದು ಬಿಚ್ಚಿದರು. ಹಿಂದೆ ಎರಡೂ ಸಲ ಪ್ಲೇಟು ಬಿಚ್ಚದೆ ಸುತ್ತಲೂ ಬಣ್ಣ ಹೊಡೆದಿದ್ದರು. ಆ ಕೆಲಸಗಳ್ಳತನವೇ ಈಗ ಉಪಕಾರವಾಯಿತು. ಥಿನ್ನರ್ ಮುಟ್ಟಿಸಿದರೆ ಹಳೆಯ ಬಣ್ಣವೇ ಕರಗಿ ಬಟ್ಟೆಗೆ ಬಂದೀತೆಂದು ಪಾಲಿಷ್ ಹಚ್ಚಿ ಮೆಲ್ಲಗೆ ಒರೆಸಿದರು. ಅಂಗೈ ಅಗಲದ ನೀಲಿ ಬಂತು. ಬೂದಿ ಬೆರೆತ ನೀಲಿ, ಆದರೆ ನೀಲಿಯೇ. ಅಮ್ಮ ಕನ್ನಡಕ ತೆಗೆದು, ಬಗ್ಗಿ ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಬೆರೆಸಿದರು.

ಇನ್ನುಳಿದದ್ದು ಬಣ್ಣ ಕೂಡಿಸುವ ಕೆಲಸ. ಮೈಸೂರಿನ ಅಂಗಡಿಯ ಕಂಪ್ಯೂಟರ್ ಯಂತ್ರ ಆ ಜಾಗದ ಬಣ್ಣ ಅಳೆದು ಲೆಕ್ಕ ಕೊಟ್ಟಿತು. ಆದರೆ ಮೇಸ್ತ್ರಿಗೆ ಅದು ಸಾಲಲಿಲ್ಲ. ತಗಡಿನ ತುಂಡುಗಳಿಗೆ ಹೊಡೆದು ಒಣಗಿಸಿದರು, ಏಕೆಂದರೆ ಒದ್ದೆಯಲ್ಲಿ ಕಂಡ ಬಣ್ಣ ಒಣಗಿದಾಗ ಇರುವುದಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಸಂಜೆಯ ಲೈಟು ಮೂರರಲ್ಲೂ ಹಿಡಿದು ನೋಡಲು ಅಮ್ಮನನ್ನೇ ಕರೆದರು. ಎರಡನೆಯ ತುಂಡಿಗೆ ‘ಹಸಿರು ಜಾಸ್ತಿ’ ಎಂದರು. ಚಿಟಿಕೆಯಷ್ಟು ಕಪ್ಪು, ತೊಟ್ಟು ಕೆಂಪು. ನಾಲ್ಕನೆಯದಕ್ಕೆ ‘ಹೂಂ’ ಎಂದರು.

ಕಾರು ಈಗ ಆ ಬಣ್ಣದಲ್ಲಿದೆ. ಆರ್.ಸಿ.ಯಲ್ಲಿ ಗ್ರೇ ಎಂದೇ ಇದೆ. ನಂಬರ್ ಪ್ಲೇಟಿನ ಹಿಂದಿನ ಅಂಗೈ ಅಗಲದ ಜಾಗಕ್ಕೆ ಮಾತ್ರ ಹೊಸ ಬಣ್ಣ ಬೇಡವೆಂದು ಅಣ್ಣನೇ ಹೇಳಿದ. ಮೇಸ್ತ್ರಿ ಅದರ ಮೇಲೆ ಕಾಗದ ಅಂಟಿಸಿ, ಸುತ್ತಲೂ ಹೊಡೆದು, ಪ್ಲೇಟು ಹಾಕಿ ಸ್ಕ್ರೂ ಬಿಗಿದರು.