ಮಲಪ್ರಭಾ ಕಣಿವೆಯ ಓಜರು: ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಿಗಳ ಶಿಕ್ಷಣ ಮತ್ತು ವೃತ್ತಿಜೀವನ

ಹುನಗುಂದ ಸೀಮೆಯ ಐಹೊಳೆಯಲ್ಲಿರುವ ಗುಡಿಗಳು ಇಂದು ಯಾರ ಹೆಸರಿನಿಂದ ಪ್ರಸಿದ್ಧವಾಗಿವೆಯೋ ಅವರಿಗೂ ಆ ಗುಡಿಗಳ ನಿರ್ಮಾಣಕ್ಕೂ ಯಾವ ಸಂಬಂಧವೂ ಇಲ್ಲ. ಲಾಡಖಾನನು ಗುಡಿಯನ್ನು ಮನೆ ಮಾಡಿಕೊಂಡಿದ್ದವನು. ದುರ್ಗ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಅದರ ಮಗ್ಗುಲಿಗಿದ್ದ ಕೋಟೆಯಿಂದ. ಹುಚ್ಚಪ್ಪಯ್ಯ, ಗೌಡ ಇವರೆಲ್ಲ ಬಹು ಕಾಲಾನಂತರದವರು. ವಾಸವಿದ್ದವರ ಹೆಸರು ಉಳಿದು ಕಟ್ಟಿದವರ ಹೆಸರು ಮರೆಯಾದ ಈ ಸಂಗತಿಯೇ ಭಾರತೀಯ ಶಿಲ್ಪಿ ಅನಾಮಧೇಯನೆಂಬ ಜನಪ್ರಿಯ ನಂಬಿಕೆಗೆ ಒಂದು ಮಟ್ಟಿಗೆ ಇಂಬು ಕೊಟ್ಟಿದೆ. ಆದರೆ ಅದೇ ಗುಡಿಗಳ ಕಂಬ, ಗೋಡೆ, ಬಾಗಿಲುಗಳನ್ನು ಸಮೀಪದಿಂದ ಓದಿದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಆರರಿಂದ ಎಂಟನೆಯ ಶತಮಾನದವರೆಗೆ ದುಡಿದ ಶಿಲ್ಪಿಗಳು ತಮ್ಮ ಹೆಸರನ್ನು, ತಂದೆಯ ಹೆಸರನ್ನು, ಕೆಲವೊಮ್ಮೆ ಅಭಿಮಾನದ ಮಾತನ್ನೂ ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಈ ಬರೆಹಗಳು ಚಿಕ್ಕವು. ಬಹಳಷ್ಟು ಒಂದೇ ಸಾಲಿನವು. ಆದರೂ ಶಿಲ್ಪಿ ಯಾರಲ್ಲಿ ಕಲಿತ, ಏನನ್ನು ಕಲಿತ, ಯಾವ ಪದವಿಗೇರಿದ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇವುಗಳಷ್ಟು ನೇರವಾದ ಆಕರ ಬೇರೊಂದಿಲ್ಲ.

ಕವಿಯ ಸ್ಥಾನದೊಂದಿಗೆ ಹೋಲಿಸಿದಾಗ ಶಿಲ್ಪಿಯ ಸ್ಥಿತಿ ಸ್ಪಷ್ಟವಾಗುತ್ತದೆ. ಐಹೊಳೆಯ ಮೇಗುಟಿ ಜಿನಾಲಯದ ಶಾಸನ ಶಕ 556ಕ್ಕೆ, ಅಂದರೆ ಕ್ರಿ.ಶ. 634-35ಕ್ಕೆ ಸೇರಿದ್ದು. ಅದನ್ನು ರಚಿಸಿದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿಟ್ಟುಕೊಳ್ಳುತ್ತಾನೆ. ಜಿನಾಲಯವನ್ನು ಕಟ್ಟಿಸಿದ ಕೀರ್ತಿಯೂ ತನ್ನದೇ ಎನ್ನುತ್ತಾನೆ. ಆ ಬಸದಿಯ ಕಲ್ಲನ್ನು ಕೊರೆದು ಜೋಡಿಸಿದ ಸೂತ್ರಧಾರಿಯ ಬಗೆಗೆ ಆ ದೀರ್ಘ ಪ್ರಶಸ್ತಿಯಲ್ಲಿ ಒಂದು ಅಕ್ಷರವೂ ಇಲ್ಲ. ಅರಮನೆಯ ಸಂಸ್ಕೃತ ಪ್ರಶಸ್ತಿಯಲ್ಲಿ ಶಿಲ್ಪಿಗೆ ಎಡೆಯಿರಲಿಲ್ಲ. ಆತ ತನ್ನ ಎಡೆಯನ್ನು ಕನ್ನಡದಲ್ಲಿ, ತಾನು ಕಡೆದ ಕಲ್ಲಿನ ಅಂಚಿನಲ್ಲಿ ಕಂಡುಕೊಂಡ. ಐಹೊಳೆಯದೇ ಆದ ಇನ್ನೊಂದು ಬರೆಹದಲ್ಲಿ ನರಸೊಬ್ಬನೆಂಬ ಶಿಲ್ಪಿಯ ಪ್ರಸ್ತಾಪವಿದೆ. ಮನೆ ಕಟ್ಟುವುದರಲ್ಲಾಗಲಿ ದೇಗುಲ ಕಟ್ಟುವುದರಲ್ಲಾಗಲಿ ಜಂಬೂದ್ವೀಪದಲ್ಲಿ ಆತನಿಗೆ ಸಮನಾದವನು ಹಿಂದೆ ಆಗಿಲ್ಲ, ಮುಂದೆ ಆಗುವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ರವಿಕೀರ್ತಿಯ ಆತ್ಮವಿಶ್ವಾಸಕ್ಕೆ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ. ಮನೆ ಮತ್ತು ದೇಗುಲ ಎಂಬ ಎರಡು ವಿದ್ಯೆಗಳನ್ನು ಇಲ್ಲಿ ಒಟ್ಟಿಗೆ ಹೇಳಿರುವುದನ್ನು ಮರೆಯಬಾರದು. ಊರಿನ ಮನೆಗಳನ್ನು ಕಟ್ಟುತ್ತಿದ್ದವನೇ ಗುಡಿಯನ್ನೂ ಕಟ್ಟುತ್ತಿದ್ದನೆಂದ ಮೇಲೆ, ಮರದ ತೊಲೆ, ಇಳಿಜಾರು ಮಾಡು, ಪಟ್ಟಿಗಳ ರೂಪವನ್ನು ಲಾಡಖಾನ ಗುಡಿಯ ಚಾವಣಿಯ ಕಲ್ಲಿನಲ್ಲಿ ಕಂಡು ಬೆರಗಾಗಬೇಕಾದ ಅಗತ್ಯವಿಲ್ಲ.

ಶಿಕ್ಷಣದ ವಿಷಯದಲ್ಲಿ ಮೊದಲ ಸಾಕ್ಷ್ಯವನ್ನು ಕೊಡುವುದು ಶಿಲ್ಪಿಗಳ ಹೆಸರಿನ ಕೊನೆಯ ಪದಗಳೇ. ಇವರಲ್ಲಿ ಕೆಲವರು ಆಚಾರಿಗಳು, ಕೆಲವರು ಓವಜ್ಜರು. ಆಚಾರಿ ಎಂಬುದು ಆಚಾರ್ಯ ಶಬ್ದದ ತದ್ಭವ. ಓವಜ್ಜ ಎಂಬುದು ಉಪಾಧ್ಯಾಯ ಶಬ್ದದಿಂದ ಪ್ರಾಕೃತದ ಉವಜ್ಝಾಯದ ಮೂಲಕ ಬಂದು, ಮುಂದೆ ಓಜ ಎಂದಾಯಿತು. ಎರಡರ ಅರ್ಥವೂ ಕಲಿಸುವವನು ಎಂದೇ. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ದಾಸೋಜನ ಹೆಸರಿನಲ್ಲಿ ಉಳಿದಿರುವ ಓಜ ಇದೇ. ಉಳಿ ಹಿಡಿದವನನ್ನು ಉಪಾಧ್ಯಾಯನೆಂದು ಕರೆದ ಸಮಾಜ ಆ ವೃತ್ತಿಯನ್ನು ಬರಿಯ ಕೈಗೆಲಸವೆಂದು ಭಾವಿಸಿರಲಿಲ್ಲ. ಅದೊಂದು ಪಾಠಕ್ರಮ, ಅಲ್ಲಿ ಗುರುವಿದ್ದಾನೆ, ಶಿಷ್ಯನಿದ್ದಾನೆ ಎಂದು ತಿಳಿದಿತ್ತು. ಕಾಲಕ್ರಮದಲ್ಲಿ ಪದವಿಸೂಚಕವಾದ ಈ ಪದ ಜಾತಿಸೂಚಕವಾಗಿ, ಮನೆತನದ ಹೆಸರಿನ ಬಾಲವಾಗಿ ಉಳಿದದ್ದು ನಮ್ಮ ಸಾಮಾಜಿಕ ಇತಿಹಾಸದ ಬೇರೊಂದು ಅಧ್ಯಾಯ. ಎಂಟನೆಯ ಶತಮಾನದಲ್ಲಿ ಅದು ಎಷ್ಟರಮಟ್ಟಿಗೆ ಗಳಿಸಿದ ಪದವಿ, ಎಷ್ಟರಮಟ್ಟಿಗೆ ಹುಟ್ಟಿನಿಂದ ಬಂದದ್ದು ಎಂಬುದನ್ನು ಎಚ್ಚರದಿಂದಲೇ ಹೇಳಬೇಕಾಗುತ್ತದೆ. ಪಟ್ಟದಕಲ್ಲಿನಲ್ಲಿ ಹೆಸರು ಕೊರೆದ ಬಲದೇವನು ದುಗ್ಗಿ ಆಚಾರಿಯ ಮಗ. ತಂದೆಗೆ ಆಚಾರಿ ಪದವಿಯಿದೆ, ಮಗನ ಹೆಸರಿಗೆ ಅದಿಲ್ಲ. ಈ ವ್ಯತ್ಯಾಸ ಆಕಸ್ಮಿಕವಾಗಿರಬಹುದು. ಆದರೆ ಪದವಿಯನ್ನು ಇನ್ನೂ ಪಡೆಯದ ಮಗ ತಂದೆಯ ಹೆಸರಿನ ಆಸರೆಯಲ್ಲಿ ತನ್ನ ಹೆಸರನ್ನು ಬರೆದುಕೊಂಡನೆಂದು ಊಹಿಸಲು ಅಡ್ಡಿಯಿಲ್ಲ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಬಂದಾಗ ಶಿಲ್ಪಿಯೊಬ್ಬನ ವೃತ್ತಿಜೀವನದ ಶಿಖರವೇ ಕಾಣಸಿಗುತ್ತದೆ. ಎರಡನೆಯ ವಿಕ್ರಮಾದಿತ್ಯನು ಮೂರು ಬಾರಿ ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ನಡುಗಾಲದ ಹೊತ್ತಿಗೆ ಕಟ್ಟಿಸಿದ ಗುಡಿ ಅದು. ಆಗಿನ ಹೆಸರು ಲೋಕೇಶ್ವರ. ಅದರ ಸೂತ್ರಧಾರಿ ಗುಂಡ, ಅನಿವಾರಿತಾಚಾರಿ ಎಂಬುದು ಅವನ ಬಿರುದು. ಅನಿವಾರಿತ ಎಂಬುದು ಚಾಲುಕ್ಯ ಅರಸರು ಧರಿಸಿದ್ದ ಬಿರುದೂ ಹೌದು. ಅರಸನ ಬಿರುದನ್ನು ಶಿಲ್ಪಿ ಹೊತ್ತಿರುವುದು ಅರಮನೆಯೊಂದಿಗೆ ಆತನಿಗಿದ್ದ ನಿಕಟತೆಯನ್ನು ತೋರಿಸುತ್ತದೆ. ಗುಡಿ ಮುಗಿದ ಮೇಲೆ ಆತನಿಗೆ ತ್ರಿಭುವನಾಚಾರಿ ಎಂಬ ಹೆಸರಿನೊಂದಿಗೆ ಪೆರ್ಜೆರೆಪು ಪಟ್ಟವನ್ನು ಕಟ್ಟಲಾಯಿತು. ಪೆರ್ಜೆರೆಪು ಪದದ ಅರ್ಥದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ ಅದೊಂದು ಉನ್ನತ ಮನ್ನಣೆ ಎಂಬುದರಲ್ಲಿ ಸಂದೇಹವಿಲ್ಲ. ದಂಡನಾಯಕನಿಗೂ ಮಂಡಳೇಶ್ವರನಿಗೂ ಸಲ್ಲುತ್ತಿದ್ದ ಪಟ್ಟ ಕಟ್ಟುವ ವಿಧಿ ಇಲ್ಲಿ ಕಲ್ಲುಕೆಲಸದವನಿಗೆ ಸಂದಿದೆ.

ಅದೇ ಗುಡಿಯ ಮತ್ತೊಂದು ಶಾಸನ ಸರ್ವಸಿದ್ಧಿ ಆಚಾರಿಯನ್ನು ಹೊಗಳುತ್ತದೆ. ಸಕಲ ಗುಣಗಳಿಗೆ ಆಶ್ರಯನಾದವನು, ಅನೇಕ ಪುರ-ವಾಸ್ತುಗಳಿಗೆ ಪಿತಾಮಹನು, ತೆಂಕಣ ದಿಸೆಯ ಸೂತ್ರಧಾರಿ ಎಂಬ ವಿಶೇಷಣಗಳ ನಡುವೆ ವಾಸ್ತು, ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟ, ರತ್ನಚೂಡಾಮಣಿಗಳ ಸಾಲೊಂದಿದೆ. ಮೇಲುನೋಟಕ್ಕೆ ಇದು ಹೊಗಳಿಕೆಯ ಉಬ್ಬರವೆಂದು ತೋರಬಹುದು. ಆದರೆ ಮಯಮತದಂಥ ವಾಸ್ತುಗ್ರಂಥಗಳಲ್ಲಿ ವಾಸ್ತುವನ್ನು ಭೂಮಿ, ಕಟ್ಟಡ, ವಾಹನ, ಮಂಚ-ಪೀಠ ಎಂಬ ನಾಲ್ಕು ಬಗೆಯಾಗಿ ವಿಂಗಡಿಸಿರುವುದನ್ನು ಬಲ್ಲವರಿಗೆ ಈ ಸಾಲು ಒಂದು ಪಠ್ಯಕ್ರಮದ ಸೂಚಿಯಂತೆ ಕಾಣುತ್ತದೆ. ಮಯಮತವು ಈಗ ದೊರೆಯುವ ರೂಪದಲ್ಲಿ ವಿರೂಪಾಕ್ಷ ಗುಡಿಗಿಂತ ಈಚಿನದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಹಾಗಿದ್ದಲ್ಲಿ ಗ್ರಂಥಸ್ಥವಾಗುವ ಮೊದಲೇ ಈ ವಿಭಾಗಕ್ರಮ ಮಲಪ್ರಭಾ ದಂಡೆಯ ಆಚಾರಿಗಳ ಬಾಯಲ್ಲಿತ್ತು ಎನ್ನಬೇಕಾಗುತ್ತದೆ. ಶಾಸ್ತ್ರವನ್ನು ಓದಿ ಶಿಲ್ಪಿ ಕಟ್ಟಿದನೋ, ಶಿಲ್ಪಿ ಕಟ್ಟಿದ್ದನ್ನು ನೋಡಿ ಶಾಸ್ತ್ರ ಹುಟ್ಟಿತೋ ಎಂಬ ಹಳೆಯ ಚರ್ಚೆಗೆ ಈ ಶಾಸನದ ಸಾಕ್ಷ್ಯವನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ. ಮಕುಟ, ಚೂಡಾಮಣಿಗಳ ಉಲ್ಲೇಖವೂ ಅರ್ಥಪೂರ್ಣವಾದದ್ದು. ಮರ, ಕಲ್ಲು, ಲೋಹ, ರತ್ನ ಇವುಗಳ ಕೆಲಸಗಳು ಆಗ ಪೂರ್ತಿಯಾಗಿ ಬೇರ್ಪಟ್ಟಿರಲಿಲ್ಲ, ಇಲ್ಲವೆ ಇವೆಲ್ಲವನ್ನೂ ಬಲ್ಲವನೇ ಸೂತ್ರಧಾರಿಯೆನಿಸಿಕೊಳ್ಳುತ್ತಿದ್ದ. ವಿರೂಪಾಕ್ಷದ ದ್ವಾರಪಾಲಕರ ಮೈಮೇಲಿನ ಒಡವೆಗಳ ಕುಸುರಿಯನ್ನು ಕಂಡವರಿಗೆ ಎರಡನೆಯ ಊಹೆ ಹೆಚ್ಚು ಸಮಂಜಸವೆನಿಸುತ್ತದೆ.

ತೆಂಕಣ ದಿಸೆ ಎಂಬ ಮಾತಿನಿಂದ ಸರ್ವಸಿದ್ಧಿ ಆಚಾರಿ ಪಲ್ಲವ ದೇಶದಿಂದ, ಬಹುಶಃ ಕಂಚಿಯಿಂದ ಕರೆತಂದ ಶಿಲ್ಪಿಯೆಂಬ ವಾದ ಬಹುಕಾಲದಿಂದ ಪ್ರಚಲಿತವಾಗಿದೆ. ವಿರೂಪಾಕ್ಷಕ್ಕೂ ಕಂಚಿಯ ಕೈಲಾಸನಾಥ ಗುಡಿಗೂ ಇರುವ ಹೋಲಿಕೆ, ವಿಕ್ರಮಾದಿತ್ಯನ ಕನ್ನಡ ಶಾಸನ ಕೈಲಾಸನಾಥದಲ್ಲಿಯೇ ಇರುವುದು ಈ ವಾದಕ್ಕೆ ಬಲ ಕೊಟ್ಟಿವೆ. ಆದರೆ ಪಾಪನಾಥ ಗುಡಿಯ ಶಾಸನವನ್ನು ಜೊತೆಗಿಟ್ಟು ನೋಡಿದರೆ ವಾದ ಸಡಿಲಗೊಳ್ಳುತ್ತದೆ. ಅಲ್ಲಿ ರೇವಡಿ ಓವಜ್ಜನೆಂಬವನು ತನ್ನನ್ನು ಸರ್ವಸಿದ್ಧಿ ಆಚಾರಿಗಳ ಬಳಗದವನೆಂದು ಹೇಳಿಕೊಂಡು, ತೆಂಕಣ ದಿಸೆಯನ್ನು ಮಾಡಿದವನೆನ್ನುತ್ತಾನೆ. ಇಲ್ಲಿ ದಿಸೆಯೆಂದರೆ ಗುಡಿಯ ತೆಂಕಣ ಭಾಗವೆಂದು ತಿಳಿಯುವುದೇ ಸಹಜ. ಕಟ್ಟಡವನ್ನು ದಿಕ್ಕುಗಳಿಗನುಸಾರ ಹಂಚಿ ಒಬ್ಬೊಬ್ಬ ಓಜನಿಗೆ ಒಂದೊಂದು ಭಾಗವನ್ನು ಒಪ್ಪಿಸುವ ಪದ್ಧತಿ ಇದರಿಂದ ವ್ಯಕ್ತವಾಗುತ್ತದೆ. ಕಂಚಿಯ ಪ್ರಭಾವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದನ್ನು ಈ ಒಂದು ಪದದ ಮೇಲೆ ನಿಲ್ಲಿಸುವುದು ತರವಲ್ಲ.

ಇದಕ್ಕಿಂತ ಮಹತ್ತ್ವದ ಸಂಗತಿಯೊಂದು ಈ ಎರಡು ಶಾಸನಗಳಿಂದ ಹೊರಬೀಳುತ್ತದೆ. ವಿರೂಪಾಕ್ಷದ್ದು ದ್ರಾವಿಡ ವಿಮಾನ. ಪಾಪನಾಥದ್ದು ನಾಗರ ಶಿಖರ. ಕಲಾ ಇತಿಹಾಸದ ಪುಸ್ತಕಗಳಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿ ಕುಳಿತಿರುತ್ತವೆ. ಆದರೆ ಎರಡರಲ್ಲೂ ದುಡಿದವರು ಸರ್ವಸಿದ್ಧಿ ಆಚಾರಿಗಳ ಒಂದೇ ಬಳಗದವರು. ಒಬ್ಬನ ಹೆಸರಾಗಿದ್ದುದು ಶಿಷ್ಯಪರಂಪರೆಯ ಹೆಸರಾಗಿ, ಆ ಪರಂಪರೆ ಎರಡು ಶೈಲಿಗಳನ್ನೂ ಕಲಿಸುತ್ತಿತ್ತೆಂದರೆ ಶೈಲಿಯೆಂಬುದು ಇಲ್ಲಿ ಕುಲದ ಗುರುತಾಗಿರಲಿಲ್ಲ, ಕಲಿತ ವಿದ್ಯೆಯ ಭಾಗವಾಗಿತ್ತು. ಪಾಪನಾಥದ ಹೊರಗೋಡೆಯ ರಾಮಾಯಣದ ಫಲಕಗಳಲ್ಲಿ ಪಾತ್ರಗಳ ಹೆಸರನ್ನು ಕೊರೆದಿರುವುದು ಈ ಬಳಗಕ್ಕೆ ಓದು-ಬರೆಹದ ಬಳಕೆಯಿತ್ತೆಂಬುದಕ್ಕೆ ಇನ್ನೊಂದು ಆಧಾರ. ಪಟ್ಟದಕಲ್ಲಿನ ಗುಡಿಗಳಲ್ಲಿ ಕಾಣುವ ಇತರ ಹೆಸರುಗಳಲ್ಲಿ ಪುಲ್ಲಪ್ಪ ಮತ್ತು ಚೆಂಗಮ್ಮ ಮುಖ್ಯವಾದವು. ಚೆಂಗಮ್ಮ ಎಂಬುದನ್ನು ನೋಡಿದೊಡನೆ ಮಹಿಳಾ ಶಿಲ್ಪಿಯನ್ನು ಕಾಣುವ ಉತ್ಸಾಹ ಕೆಲವರಲ್ಲಿದೆ. ಕಲಿಯಮ್ಮರಸನೆಂಬ ಹೆಸರೇ ಸಾಕ್ಷಿಯಾಗಿ, ಆ ಕಾಲದಲ್ಲಿ ಅಮ್ಮ ಎಂಬ ಅಂತ್ಯ ಗಂಡಸರ ಹೆಸರಿನಲ್ಲೂ ಬರುತ್ತಿದ್ದುದರಿಂದ ಈ ನಿರ್ಣಯಕ್ಕೆ ಅವಸರ ಸಲ್ಲದು.

ಕಲಿಕೆ ನಡೆದ ಸ್ಥಳ ಯಾವುದು? ಪರ್ಸಿ ಬ್ರೌನ್ ಐಹೊಳೆಯನ್ನು ಗುಡಿಗಳ ತೊಟ್ಟಿಲೆಂದು ಕರೆದಂದಿನಿಂದ ಅದು ಪ್ರಯೋಗಶಾಲೆ, ಶಾಲೆ ಎಂಬ ಮಾತುಗಳು ಪ್ರವಾಸಿ ಕೈಪಿಡಿಗಳವರೆಗೂ ಹರಿದುಬಂದಿವೆ. ಐಹೊಳೆಯಲ್ಲಿ ಕಲಿತು ಪಟ್ಟದಕಲ್ಲಿನಲ್ಲಿ ಪಾಸಾದರೆಂಬ ಈ ಸರಳ ರೇಖೆಗೆ ಕಾಲಗಣನೆ ಒತ್ತಾಸೆ ಕೊಡುವುದಿಲ್ಲ. ಐಹೊಳೆಯ ದುರ್ಗ ಗುಡಿಯೂ ಸೇರಿ ಅಲ್ಲಿಯ ಹಲವು ಗುಡಿಗಳು ಎಂಟನೆಯ ಶತಮಾನದವು, ಎಂದರೆ ಪಟ್ಟದಕಲ್ಲಿನ ಸಮಕಾಲೀನವಾದವು. 578ರಷ್ಟು ಹಿಂದೆಯೇ, ಮಂಗಲೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ, ಕೈ ಪಳಗಿದ ಶಿಲ್ಪಿಗಳು ದುಡಿದಿದ್ದರು. ನಿಜವಾದ ಶಾಲೆಯನ್ನು ಕಲ್ಲುಗಣಿಗಳಲ್ಲಿ ಹುಡುಕುವುದು ಹೆಚ್ಚು ಫಲಪ್ರದ. ಪಟ್ಟದಕಲ್ಲಿನ ಸಮೀಪದ ಶಂಕರಲಿಂಗನ ಗುಂಡು ಎಂಬಲ್ಲಿ ಕಲ್ಲು ಸೀಳಿದ ಗುರುತುಗಳ ಪಕ್ಕದಲ್ಲಿಯೇ ಬಂಡೆಯ ಮೇಲೆ ಗೀಚಿದ ರೇಖಾಚಿತ್ರಗಳೂ ಕೆಲಸಗಾರರ ಹೆಸರುಗಳೂ ಇವೆ. ಈ ಭಾಗದ ಕೆಂಪು ಮರಳುಗಲ್ಲು ಪದರ ಪದರವಾದದ್ದು. ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ ಪದರದ ಗುಂಟ ಸೀಳುತ್ತದೆ. ಗಣಿಯಿಂದ ಆಗಷ್ಟೇ ತೆಗೆದ ಕಲ್ಲು ಉಳಿಗೆ ಮೆತ್ತಗೆ, ಗಾಳಿ-ಬಿಸಿಲಿಗೆ ಬಿದ್ದಮೇಲೆ ಗಡಸು. ಯಾವ ಪದರ ಹೊರೆ ತಾಳುತ್ತದೆ, ಯಾವುದು ಸಿಡಿಯುತ್ತದೆ ಎಂಬುದನ್ನು ಸುತ್ತಿಗೆಯ ಸದ್ದಿನಿಂದ ತಿಳಿಯುವ ವಿದ್ಯೆ ಯಾವ ಆಗಮದಲ್ಲೂ ಬರೆದಿಟ್ಟದ್ದಲ್ಲ. ಗಣಿಯಲ್ಲಿ ನಿಂತೇ ಕಲಿಯಬೇಕಾದದ್ದು.

ಇದೇ ಸೀಮೆಯ ಇಳಕಲ್ಲಿನ ನೇಕಾರರ ಮನೆಗಳಲ್ಲಿ ಇಂಥ ಕಲಿಕೆಯ ಜೀವಂತ ರೂಪವನ್ನು ಕಾಣಬಹುದು. ಕಂಡಿಕೆ ಸುತ್ತುವ ಮಗು ಮುಂದೆ ಕುಣಿಮಗ್ಗಕ್ಕಿಳಿಯುತ್ತದೆ. ಸೀರೆಯ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕೌಶಲ ಇನ್ನೂ ಮುಂದಿನ ಹಂತದ್ದು. ಚಾಲುಕ್ಯರ ಕಾಲದ ಕಲ್ಕುಟಿಗನಿಂದ ಸೂತ್ರಧಾರಿಯವರೆಗಿನ ಏಣಿಯೂ ಇದೇ ಬಗೆಯದಾಗಿದ್ದಿರಬೇಕು. ಒಂದು ವ್ಯತ್ಯಾಸವಂತೂ ಇದೆ: ಎಷ್ಟೇ ನುರಿತ ನೇಕಾರನಾದರೂ ಸೀರೆಯ ಮೇಲೆ ಹೆಸರು ಹಾಕುವುದಿಲ್ಲ.

ಹೆಸರು ಹಾಕುವ, ಹಾಕದಿರುವ ಈ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಕುಂಬಾರರ ನಡುವೆ ತೀವ್ರವಾಗಿ ಚರ್ಚಿತವಾಯಿತು. ಹೆಸರಿಲ್ಲದ ಕುಶಲಕರ್ಮಿಯೇ ನಿಜವಾದ ಸೌಂದರ್ಯದ ಕರ್ತೃವೆಂದು ಯಾನಗಿ ಸೊಯೆತ್ಸು ಪ್ರತಿಪಾದಿಸಿದ. ಆತನ ಸಂಗಡಿಗರಾದ ಹಮಾದಾ ಶೋಜಿ ಮತ್ತು ಕವಾಯ್ ಕಂಜಿರೊ ಮಾತ್ರ ಕುಂಬಾರ ಮನೆಯ ಒಲೆಯಲ್ಲಿ ಬೆಂದವರಲ್ಲ. ತೋಕಿಯೊದ ತಾಂತ್ರಿಕ ಶಾಲೆಯಲ್ಲಿ ಓದಿ, ಕ್ಯೋತೋ ನಗರದ ಮಣ್ಣುಪಾತ್ರೆ ಪರೀಕ್ಷಾಲಯದಲ್ಲಿ ಮೆರುಗಿನ ರಸಾಯನವನ್ನು ಅಭ್ಯಸಿಸಿದವರು. ಹಮಾದಾ ತನ್ನ ಪಾತ್ರೆಗಳಿಗೆ ಸಹಿ ಹಾಕುವುದನ್ನು ಬಿಟ್ಟರೂ 1955ರಲ್ಲಿ ಸರಕಾರ ಆತನನ್ನು ಜೀವಂತ ರಾಷ್ಟ್ರನಿಧಿಗಳಲ್ಲೊಬ್ಬನೆಂದು ಗೌರವಿಸಿತು. ಕವಾಯ್ ಅಂಥ ಗೌರವವನ್ನು ಒಲ್ಲೆನೆಂದ. ಹೆಸರನ್ನು ತೊರೆಯುವುದೂ ಹೆಸರಿದ್ದವರಿಗೆ ಮಾತ್ರ ಸಾಧ್ಯವೆಂಬುದು ಇಲ್ಲಿ ಕಾಣುತ್ತದೆ. ಭಾರತದ ಮಟ್ಟಿಗೆ ಆನಂದ ಕುಮಾರಸ್ವಾಮಿಯವರು ಶಿಲ್ಪಿಯ ಅನಾಮಿಕತೆಯನ್ನು ಒಂದು ಆಧ್ಯಾತ್ಮಿಕ ಮೌಲ್ಯವೆಂದೇ ಎತ್ತಿಹಿಡಿದರು. ಅವರ ವಿದ್ವತ್ತಿನ ಬಗೆಗೆ ಎಷ್ಟೇ ಗೌರವವಿದ್ದರೂ ನರಸೊಬ್ಬನ, ಗುಂಡನ, ರೇವಡಿ ಓವಜ್ಜನ ಸಾಲುಗಳು ಆ ಮೌಲ್ಯವನ್ನು ಒಪ್ಪಿದವರ ಸಾಲುಗಳಲ್ಲ.

ರಾಷ್ಟ್ರಕೂಟರ ಕೈಗೆ ಅಧಿಕಾರ ಹೋದ ಮೇಲೆ ಪಟ್ಟದಕಲ್ಲಿನ ಬಳಗಗಳು ಎಲ್ಲಿಗೆ ಸರಿದವೆಂಬುದಕ್ಕೆ ಎಲ್ಲೋರದ ಕೈಲಾಸ ಗುಡಿಯ ಹೋಲಿಕೆಯನ್ನು ವಿದ್ವಾಂಸರು ತೋರಿಸುತ್ತ ಬಂದಿದ್ದಾರೆ. ಕೆಲಸವನ್ನು ಅರಸಿ ಹೋಗುವುದು ಈ ವೃತ್ತಿಯ ಸ್ವಭಾವ. ಬಾಗಲಕೋಟೆ ಜಿಲ್ಲೆಯಲ್ಲಿ ಇಂದು ಕಲ್ಲಿನ ಕೆಲಸದ ಮುಖ್ಯ ನೆಲೆ ಬಾದಾಮಿಯ ಮರಳುಗಲ್ಲಲ್ಲ, ಇಳಕಲ್ಲಿನ ಕೆಂಪು ಗ್ರಾನೈಟು. ಅಲ್ಲಿ ಯಂತ್ರ ಕೊಯ್ಯುತ್ತದೆ, ಯಂತ್ರವೇ ಹೊಳಪು ಕೊಡುತ್ತದೆ. ಚಪ್ಪಡಿಗಳು ದೂರ ದೇಶಗಳಿಗೆ ಹೋಗುತ್ತವೆ. ವಿಗ್ರಹ ಕಡೆಯುವುದನ್ನು ಕಲಿಯಬಯಸುವ ಯುವಕರು ಬಿಡದಿ ಬಳಿಯ ಜೋಗರದೊಡ್ಡಿಯ ಇಲ್ಲವೆ ಕಾರ್ಕಳದ ತರಬೇತಿ ಕೇಂದ್ರದತ್ತ ಮುಖ ಮಾಡುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಶಿಲ್ಪ ಮತ್ತು ವರ್ಣಚಿತ್ರಗಳ ಶಿಕ್ಷಣಕ್ಕೆ ತನ್ನ ವಿಸ್ತರಣ ಕೇಂದ್ರವನ್ನು ಬಾದಾಮಿಯಲ್ಲಿ ತೆರೆದದ್ದರಿಂದ, ಓಜರ ನೆಲದಲ್ಲಿ ಉಳಿಯ ಪಾಠಕ್ಕೆ ಮತ್ತೆ ಎಡೆ ದೊರೆಯಿತು. ಶಂಕರಲಿಂಗನ ಗುಂಡಿನ ರೇಖಾಚಿತ್ರಗಳನ್ನೂ ಹೆಸರುಗಳನ್ನೂ ಗುಡಿಗಳ ಮೇಲಿನ ಹೆಸರುಗಳೊಂದಿಗೆ ಅಕ್ಷರದ ಬಗೆ, ಉಳಿಯ ಗುರುತುಗಳ ಆಧಾರದಿಂದ ಒಂದೊಂದಾಗಿ ತಾಳೆ ನೋಡಿದರೆ, ಗಣಿಯಲ್ಲಿ ಗೀಚಿದ ಕೈಯೇ ಗುಡಿಯ ಕಂಬದಲ್ಲೂ ದುಡಿದಿದೆಯೇ ಎಂಬುದು ತಿಳಿದೀತು. ಗುಡಿಯ ಕಟ್ಟಡಗಳಿಗೆ ಸಿಕ್ಕ ರಕ್ಷಣೆ ಗಣಿಯ ಬಯಲು ಬಂಡೆಗಳಿಗೂ ಅಷ್ಟೇ ಎಚ್ಚರದಿಂದ ಸಿಗಬೇಕಾಗಿದೆ. ಬಿಸಿಲು-ಮಳೆಗೆ ಮರಳುಗಲ್ಲಿನ ಮೇಲಿನ ಗೀಚುಗೆರೆಗಳು ವರ್ಷದಿಂದ ವರ್ಷಕ್ಕೆ ಮಾಸುತ್ತವೆ.